ಚಂದ್ರಿ ನೆಕ್ಕಿದ ಉಪ್ಪು

“ಬಾಯಿ ಬಿಡೇ, ಬಿಡೇ ಬಾಯಿ!”

ಪವಿತ್ರಾ ಕುದುರೆಯ ದವಡೆಯೊಳಗೆ ಬೆರಳು ತೂರಿಸಿ ಬಾಡಿದ ಸೊಪ್ಪನ್ನು ಹೊರಗೆಳೆದಳು. ಚಂದ್ರಿಯ ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಹಿಂಗಾಲುಗಳು ನಡುಗುತ್ತಿದ್ದವು. ಅಷ್ಟರಲ್ಲಿ ರುದ್ರೇಶ್ ದನಕ್ಕೆ ಔಷಧಿ ಕುಡಿಸುವ ಬಿದಿರಿನ ಗೊಟ್ಟದಲ್ಲಿ ಎಳನೀರು ತುಂಬಿಕೊಂಡು ಓಡಿ ಬಂದ.

“ಇಡ್ರೀ ಅದ್ನ ಕೆಳಗೆ! ಗಂಟಲಿಗೆ ಸುರಿದ್ರೆ ಶ್ವಾಸಕ್ಕೆ ಹೋಗಿ ಇಲ್ಲೇ ಸಾಯ್ತದೆ. ಡಾಕ್ಟ್ರಿಗೆ ಫೋನ್ ಮಾಡಿ ರುದ್ರೇಶಣ್ಣ.”

ರುದ್ರೇಶ್ ಮದುವೆ ಮೆರವಣಿಗೆಗೆ ಕುದುರೆ ಕೊಡುವವನು. ತುರುವೇಕೆರೆಯಿಂದ ಅಮ್ಮಸಂದ್ರದವರೆಗೆ ಎಷ್ಟೋ ಗಂಡುಗಳು ಚಂದ್ರಿಯ ಬೆನ್ನೇರಿದ್ದಾರೆ. ಈಗ ಅದು ತುಂಬು ಗಬ್ಬ. ಅದು ಮೇಯಲೆಂದೇ ತೆಂಗಿನ ತೋಟದ ಒಂದು ಮೂಲೆಗೆ ತಂತಿಬೇಲಿ ಹಾಕಿಸಿದ್ದ. ಅಲ್ಲಿ ಸೊಂಟದೆತ್ತರ ಪಾರ್ಥೇನಿಯಂ ಬೆಳೆದಿತ್ತು. ಹಿಂದಿನ ದಿನ ಗಂಗಯ್ಯ ಬೆನ್ನಿಗೆ ಪಂಪು ಕಟ್ಟಿಕೊಂಡು ಬಂದು ಕಳೆಔಷಧಿ ಹೊಡೆದಿದ್ದ. ಚಂದ್ರಿಯನ್ನು ಬೇಲಿಯೊಳಗೇ, ಆಚೆ ಮರಕ್ಕೆ ಉದ್ದ ಹಗ್ಗದಲ್ಲಿ ಕಟ್ಟಿದ್ದರು.

ಪವಿತ್ರಾ ಔಷಧಿ ಸಿಂಪಡಣೆಯ ತರಬೇತಿ ಪಡೆದವಳು. ಮಹಿಳಾ ಸಂಘದ ಪಂಪು ಹೊತ್ತು ಸುತ್ತಲಿನ ತೋಟಗಳಿಗೆ ಹೋಗುತ್ತಾಳೆ. ಸುದ್ದಿ ಕೇಳಿ ಬಂದು ನಿಂತ ಗಂಗಯ್ಯನ ಕಡೆ ಅವಳು ತಿರುಗಿದಳು.

“ಗಂಗಣ್ಣ, ಕುದುರೆ ಪಾರ್ಥೇನಿಯಂನ ಮೂಸೂ ನೋಡಲ್ಲ. ಇವತ್ತು ಹೆಂಗೆ ತಿಂತು? ಏನು ಬೆರೆಸಿದ್ರಿ?”

“ಏನಿಲ್ಲ ಕಣವ್ವ. ಕಲ್ಲುಪ್ಪು. ಕಳೆ ಬೇಗ ಸುಡ್ಲಿ ಅಂತ. ಊರೆಲ್ಲಾ ಹಾಕ್ತದೆ.”

“ದನವಾಗ್ಲಿ ಕುದುರೆಯಾಗ್ಲಿ, ಉಪ್ಪು ಕಂಡ್ರೆ ಹಗ್ಗ ಕಿತ್ಕೊಂಡು ಬತ್ತದೆ, ಗೊತ್ತಿಲ್ವಾ ನಿಮಗೆ? ವಿಷಕ್ಕೆ ಉಪ್ಪು ಹಚ್ಚಿ ಬಡಿಸಿದೀರಲ್ಲ!”

“ಎಷ್ಟು ತೋಟಕ್ಕೆ ಹೊಡ್ದಿಲ್ಲ ನಾನು? ಒಂದು ಕೋಳಿನೂ ಸತ್ತಿಲ್ಲ, ಬುಡು.”

“ಸಾಯೋವಾಗ ನೀವಿದ್ರಾ ನೋಡಕ್ಕೆ? ಪಂಪು ಹೊತ್ಕೊಂಡು ಮುಂದಿನ ತೋಟಕ್ಕೆ ಹೋಗಿರ್ತೀರ.”

ಡಾಕ್ಟರು ಬಂದವರೇ ಕೇಳಿದ್ದು ಒಂದೇ ಮಾತು. “ಯಾವ ಔಷಧಿ?”

ರುದ್ರೇಶ್ ಒಂದು ಸೋಡಾ ಬಾಟಲಿ ತಂದು ತೋರಿಸಿದ. ತಳದಲ್ಲಿ ಒಂದಿಷ್ಟು ಉಳಿದಿತ್ತು. ಬಾಟಲಿಯ ಮೇಲೆ ಚೀಟಿ ಇಲ್ಲ, ಹೆಸರಿಲ್ಲ. ಪಕ್ಕದ ತೋಟದ ಸದಾಶಿವಯ್ಯ ತಮ್ಮ ಕ್ಯಾನಿನಿಂದ ಬಗ್ಗಿಸಿ ಕೊಟ್ಟಿದ್ದರು. ಅವರಿಗೆ ಫೋನ್ ಮಾಡಿದರೆ, “ನೀಲಿ ಕ್ಯಾನು ಕಣಪ್ಪ. ಖಾಲಿಯಾಯ್ತು, ಎಸೆದ್ಬುಟ್ಟೆ” ಎಂದರು.

“ನೀಲಿ ಕ್ಯಾನಿಗೆ ನಾನು ಯಾವ ಚಿಕಿತ್ಸೆ ಕೊಡ್ಲಿ?” ಎಂದು ಡಾಕ್ಟರು ಸಿಡುಕಿದರು. ಆದರೂ ಕತ್ತಲಾಗುವವರೆಗೆ ಕುದುರೆಯ ಬಳಿಯಿಂದ ಏಳಲಿಲ್ಲ.

ಚಂದ್ರಿ ಉಳಿಯಿತು. ಹೊಟ್ಟೆಯಲ್ಲಿದ್ದ ಮರಿ ಉಳಿಯಲಿಲ್ಲ.

ಗುಂಡಿ ತೋಡಿದವನು ಗಂಗಯ್ಯ. ಸತ್ತ ಮರಿಯ ಗೊರಸು ಇನ್ನೂ ಮೆತ್ತಗಿತ್ತು. ರುದ್ರೇಶ್ ಆ ಸೋಡಾ ಬಾಟಲಿಯನ್ನು ಗಂಗಯ್ಯನ ಮುಖದೆದುರು ಹಿಡಿದ. “ಇದ್ರೊಳಗೆ ಏನಿತ್ತು? ನೀನೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಥೂ!”

ಗಂಗಯ್ಯ ಗುಂಡಿಗೆ ಮಣ್ಣೆಳೆದ. ಮಾರನೆಯ ಬೆಳಿಗ್ಗೆ ಪಂಪು ಹೊತ್ತುಕೊಂಡು ಪವಿತ್ರಾಳ ಮನೆ ಮುಂದೆ ನಿಂತ. “ಹೆಂಗೆ ಹೊಡೀಬೇಕು ಹೇಳ್ಕೊಡವ್ವ” ಎಂದ.

ಇದನ್ನು ಓದುತ್ತಿರುವವರೇ, ನಿಮ್ಮ ಹಿತ್ತಲಲ್ಲೂ ಅಂಥ ಬಾಟಲಿ ಇದೆಯೇ? ಎದ್ದು ನೋಡಿ. ಕಳೆಔಷಧಿ ಅದರದೇ ಡಬ್ಬಿಯಲ್ಲಿ, ಚೀಟಿ ಸಮೇತ ಇರಬೇಕು. ಚೀಟಿ ಓದಲು ಬಾರದಿದ್ದರೆ ಓದಿಸಿಕೊಳ್ಳಿ. ಉಪ್ಪು, ಸೋಪಿನ ಪುಡಿ ಬೆರೆಸಬೇಡಿ. ಗಾಳಿ ಬೀಸುವಾಗ ಹೊಡೆಯಬೇಡಿ. ತರಬೇತಿ ಪಡೆದವರನ್ನೇ ಕರೆಯಿರಿ. ಉದ್ದ ಹಗ್ಗವನ್ನು ನಂಬಬೇಡಿ. ಕುದುರೆಯಿರಲಿ, ದನವಿರಲಿ, ಬೇಲಿಯಿಂದಲೇ ಹೊರಗೆ ಕಳಿಸಿ. ಚೀಟಿಯಲ್ಲಿ ಬರೆದಷ್ಟು ದಿನ ಕಳೆಯಬೇಕು, ಬಾಡಿದ ಗಿಡವನ್ನೆಲ್ಲ ಬಳಿದು ತೆಗೆಯಬೇಕು. ಅಲ್ಲಿಯವರೆಗೆ ಒಳಗೆ ಬಿಡಬೇಡಿ. ಇಷ್ಟು ಮಾಡಲು ಆಗದಿದ್ದರೆ ಕುಡುಗೋಲು ಹಿಡಿಯಿರಿ. ಬಾಯಿಲ್ಲದ ಪ್ರಾಣಿಯನ್ನು ಕೊಂದು ಆಮೇಲೆ ಹಣೆಬರಹ ಅನ್ನಬೇಡಿ.

ಮೊನ್ನೆ ಸದಾಶಿವಯ್ಯ ಗಂಗಯ್ಯನನ್ನು ದಾರಿಯಲ್ಲೇ ನಿಲ್ಲಿಸಿಕೊಂಡರು. ಅವರ ಒಂದು ಕೈಯಲ್ಲಿ ಸೋಡಾ ಬಾಟಲಿ, ಇನ್ನೊಂದರಲ್ಲಿ ಕಲ್ಲುಪ್ಪಿನ ಪೊಟ್ಟಣ.

“ಲೇ ಗಂಗ, ನಮ್ಮ ತೋಟಕ್ಕೂ ಒಂದು ಸುತ್ತು ಹೊಡ್ದುಬುಡ್ಲಾ. ಎಮ್ಮೆ ಅಲ್ಲೇ ಅದೆ, ಆಚೆ ಮರಕ್ಕೆ ಕಟ್ಟಿವ್ನಿ. ತಗೋ.”

ಗಂಗಯ್ಯ ಕೈ ಚಾಚಲಿಲ್ಲ.

“ಹೊಡೆಯಲ್ಲ ಯಜಮಾನ್ರೆ.”