ಕನ್ನಡ ಮಾತಾಡುವ ಅಕ್ಕ

ಶಶಿಪ್ರಭಾ ಎದ್ದು ಹಲ್ಲುಜ್ಜಿ ಚಹಾಕ್ಕೆ ನೀರಿಟ್ಟಳು. ಮೂಡುಬಿದಿರೆಯ ಬಸ್ ಸ್ಟ್ಯಾಂಡಿಗೆ ನಡೆದು ನಾರಾವಿಯ ಬಸ್ಸು ಹತ್ತಿದಳು. ಅಕ್ಕ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದಳು. ಚಪ್ಪಲಿ ಕಳಚುವ ಮೊದಲೇ ಶಶಿಪ್ರಭಾ ಹೇಳಿಬಿಟ್ಟಳು, ಅಕ್ಷಿತಾಳ ಸಂಬಂಧ ತಪ್ಪಿದ್ದು ತನ್ನಿಂದ ಎಂದು. ಅಕ್ಕ ಒಂದು ಹಪ್ಪಳ ಮಗುಚಿ ಹಾಕಿ, "ಇರಲಿ ಬಿಡು. ನೀನು ಬೇಕೆಂದು ಮಾಡಿದ್ದಲ್ಲವಲ್ಲ" ಎಂದಳು.

ಆಗ ಎಚ್ಚರವಾಯಿತು. ಗಂಡ ಕಮಲಾಕ್ಷ ಕನ್ನಡಿಯ ಮುಂದೆ ಶರ್ಟಿನ ಗುಂಡಿ ಹಾಕುತ್ತಿದ್ದ. ಕನಸಿನಲ್ಲಿ ಹೇಳಿದ್ದನ್ನು ಇವತ್ತು ನಿಜವಾಗಿಯೂ ಹೇಳಿ ಬರುತ್ತೇನೆ ಎಂದು ಅವನಿಗೆ ಹೇಳಿದಳು. "ಬಹಳ ಒಳ್ಳೆಯ ನಿರ್ಧಾರ" ಎಂದ ಅವನು.

ಆಮೇಲೆ ಮತ್ತೊಮ್ಮೆ ಎಚ್ಚರವಾಯಿತು. ಕಮಲಾಕ್ಷ ಗೋಡೆಯ ಕಡೆ ತಿರುಗಿ ಮಲಗಿದ್ದ. ಚಹಾಕ್ಕೆ ಯಾರೂ ನೀರಿಟ್ಟಿರಲಿಲ್ಲ. ಅಕ್ಕನಿಗೆ ಯಾರೂ ಏನೂ ಹೇಳಿರಲಿಲ್ಲ.

ಮಾಣಿ ಊರಿನ ಶಿಶಿರನ ಮನೆಯವರು ಅಕ್ಕನ ಮಗಳು ಅಕ್ಷಿತಾಳನ್ನು ನೋಡಿ ಒಪ್ಪಿ ಹೋಗಿದ್ದರು. ಹುಡುಗನ ಸೋದರತ್ತೆ ಬಂಟ್ವಾಳದವರು, ಶಶಿಪ್ರಭಾಳಿಗೆ ಮೊದಲಿನಿಂದ ಪರಿಚಯ. ಅವರು ಫೋನು ಮಾಡಿ ಅದೂ ಇದೂ ಮಾತಾಡಿ ಕೊನೆಗೆ, ಹುಡುಗಿಯ ಆರೋಗ್ಯವೆಲ್ಲ ಸರಿ ಉಂಟಲ್ಲ ಎಂದು ಕೇಳಿದರು. ಹೈಸ್ಕೂಲಿನಲ್ಲಿದ್ದಾಗ ಅಕ್ಷಿತಾಳಿಗೆ ಫಿಟ್ಸ್ ಬರುತ್ತಿತ್ತು. ಮದ್ದು ಮಾಡಿ ವಾಸಿಯಾಗಿತ್ತು. ಡಾಕ್ಟರೇ ಮಾತ್ರೆ ನಿಲ್ಲಿಸಿ ವರ್ಷಗಳಾಗಿದ್ದವು. ಅದನ್ನೆಲ್ಲ ಹೇಳಬಹುದಿತ್ತು. ಏನನ್ನೂ ಹೇಳದೆಯೂ ಇರಬಹುದಿತ್ತು. ಶಶಿಪ್ರಭಾ ತುಳುವಿನಲ್ಲಿ, "ಇತ್ತೆ ದಾಲ ಇಜ್ಜಿ" ಎಂದಳು. ಈಗ ಏನೂ ಇಲ್ಲ.

ಸೋದರತ್ತೆ ಹ್ಞೂಂ ಎಂದರು. ನಂತರ ಅವರು ಮಳೆಯ ವಿಷಯ ತೆಗೆದರು.

'ಈಗ' ಎಂಬುದು ಬಾಯಿ ತಪ್ಪಿ ಬಂದದ್ದಲ್ಲ. ಅವಳು ಪಿಯು ಮಕ್ಕಳಿಗೆ ಕನ್ನಡ ಕಲಿಸುವವಳು, ಮಾತನ್ನು ಅಳೆದು ಆಡುವವಳು. ಸುಳ್ಳು ಹೇಳಿದ ಹಾಗಾಗಬಾರದು, ಚಾಡಿ ಹೇಳಿದ ಹಾಗೂ ಆಗಬಾರದು. ನಾಳೆ ಏನಾದರೂ ಆದರೆ, ನಿಮಗೆ ಗೊತ್ತಿದ್ದೂ ಮುಚ್ಚಿಟ್ಟಿರಲ್ಲ ಎಂಬ ಮಾತು ತನ್ನ ಮೇಲೆ ಬರಬಾರದು. ಇಷ್ಟೆಲ್ಲ ಯೋಚಿಸಿ ಆ ಪದವನ್ನು ವಾಕ್ಯದ ತಲೆಗೆ ಇಟ್ಟಿದ್ದಳು. ಹುಡುಗನ ಮನೆಯವರು ಜಾತಕ ಕೂಡಿಬರುವುದಿಲ್ಲವೆಂದು ಹೇಳಿ ಕಳಿಸಿದರು. ಆದರೆ ಮಾಣಿಯಿಂದ ಬೆಳ್ತಂಗಡಿಯವರೆಗೆ ನೆಂಟರ ಬಾಯಲ್ಲಿ, ಹುಡುಗಿಗೆ ಏನೋ ಉಂಟಂತೆ ಎಂಬ ಮಾತು ಹರಡಿತು. ಯಾರು ಹೇಳಿದ್ದೆಂದು ಯಾರಿಗೂ ತಿಳಿಯಲಿಲ್ಲ.

ಅಕ್ಕ ಜೋಯಿಸರಲ್ಲಿ ಪ್ರಶ್ನೆ ಇಡಿಸಿದಳು. ನಾಗದೋಷ ಎಂದು ಬಂತು. ದೋಷದ ಪರಿಹಾರಕ್ಕೆ ಆಶ್ಲೇಷಾ ಬಲಿ ಮಾಡಿಸಿದ ದಿನ ಶಶಿಪ್ರಭಾ ಅವಳ ಪಕ್ಕದಲ್ಲೇ ಕೈಮುಗಿದು ಕುಳಿತಿದ್ದಳು. ತನ್ನ ಕೈಯಿಂದ ಯಾವಾಗ ಏನು ತಪ್ಪಾಗಿದೆಯೋ ಎಂದು ಅಕ್ಕ ಅಳುತ್ತಿದ್ದಾಗ ಬೆನ್ನು ಸವರಿದಳು.

ಕನಸುಗಳು ಶುರುವಾದದ್ದು ಆ ನಂತರ. ಎದ್ದೆ ಎಂದುಕೊಳ್ಳುವುದು, ಹೋಗಿ ಹೇಳುವುದು, ಹಗುರಾಗುವುದು, ಮತ್ತೆ ಏಳುವುದು. ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುವ ಶಮ್ನಾಳಿಗೆ, ತಪ್ಪಿನ ಸುದ್ದಿಯೊಂದನ್ನು ಬಿಟ್ಟು, ಉಳಿದದ್ದನ್ನು ಹೇಳಿದಳು. ಎದ್ದ ಹಾಗೆ ಬೀಳುವ ಕನಸು ಹಲವರಿಗೆ ಬೀಳುತ್ತದೆ, ಹೆದರಬೇಕಾಗಿಲ್ಲ ಎಂದಳು ಶಮ್ನಾ. ಗಡಿಯಾರವನ್ನು ಎರಡು ಸಲ ನೋಡಬೇಕು, ಕನಸಾದರೆ ಮುಳ್ಳು ಒಂದೇ ಕಡೆ ನಿಲ್ಲುವುದಿಲ್ಲ. ಅದಕ್ಕಿಂತ ತನ್ನದೇ ಒಂದು ಗುರುತು ಹುಡುಕಿಕೊಂಡರೆ ಒಳ್ಳೆಯದು. ಕನಸೆಂದು ಕನಸಿನೊಳಗೇ ಗೊತ್ತಾದರೆ ಅದನ್ನು ಬೇಕಾದ ಕಡೆ ತಿರುಗಿಸಲೂ ಬರುತ್ತದೆ.

ಶಶಿಪ್ರಭಾ ಯೋಚಿಸಿದಳು. ಕಮಲಾಕ್ಷ ಮನೆಯಲ್ಲಿ ಯಾವತ್ತಾದರೂ 'ಒಳ್ಳೆಯ ನಿರ್ಧಾರ' ಎಂದದ್ದುಂಟೇ? ಅಕ್ಕ 'ಇರಲಿ ಬಿಡು' ಎಂದದ್ದುಂಟೇ? ಮನೆಮಾತು ತುಳು. ಏಳನೆಯವರೆಗೆ ಓದಿದ ಅಕ್ಕ ಕನ್ನಡ ಆಡುವುದು ಬ್ಯಾಂಕಿನ ಮ್ಯಾನೇಜರರ ಹತ್ತಿರ ಮಾತ್ರ. ಕನ್ನಡ ಮಾತಾಡಿದರೆ ಚಪ್ಪಲಿ ಹಾಕಿಕೊಂಡು ಅಡುಗೆಮನೆಗೆ ಹೋದ ಹಾಗಾಗುತ್ತದೆ ಎಂದು ಅವಳೇ ನಗುತ್ತಿದ್ದಳು. ಕನಸಿನಲ್ಲಿ ಮಾತ್ರ ಎಲ್ಲರೂ ಕನ್ನಡದವರು.

ಇದನ್ನು ಕೇಳಿ ಶಮ್ನಾ, "ಕನ್ನಡ ಮೇಡಂ ಅಂದ್ರೆ ನೀವೇ ಮಾರಾಯ್ತಿ. ಕನಸಿಗೂ ಪಠ್ಯಪುಸ್ತಕ ಮಾಡಿದ್ದೀರಿ" ಎಂದು ನಕ್ಕಳು.

ಗುರುತು ಕೆಲಸ ಮಾಡಿತು. ಅಕ್ಕ ಬಾಯಿ ತೆರೆದ ಕೂಡಲೇ ಇದು ಕನಸು ಎಂದು ಗೊತ್ತಾಗತೊಡಗಿತು. ಗೊತ್ತಾದ ಮೇಲೆ ಹೆದರಿಕೆ ಇರಲಿಲ್ಲ. ಶಶಿಪ್ರಭಾ ನಿಧಾನವಾಗಿ, ಒಳ್ಳೆಯ ವಾಕ್ಯಗಳಲ್ಲಿ ಹೇಳುತ್ತಿದ್ದಳು. ಅಕ್ಕನ ಮುಖ ಕಳೆಗುಂದಿದರೆ ಆ ಭಾಗವನ್ನು ಬೇರೆ ರೀತಿ ಹೇಳಿ ನೋಡುತ್ತಿದ್ದಳು. ಕೊನೆಗೆ ಇರಲಿ ಬಿಡು ಅನ್ನಬೇಕು ಎಂದು ಮನಸ್ಸಿನಲ್ಲಿ ಅಂದುಕೊಂಡರೆ ಸಾಕು, ಅಕ್ಕ ಅನ್ನುತ್ತಿದ್ದಳು. ಕ್ಷಮಿಸುವವಳೂ ತಾನೇ ಎಂದು ಗೊತ್ತಿದ್ದರೂ ಎದ್ದಾಗ ಎದೆ ಹಗುರವಾಗಿರುತ್ತಿತ್ತು. ಮೊದಲೆಲ್ಲ ಪ್ರತಿ ಭಾನುವಾರ, ಇವತ್ತು ಹೇಳಲೇಬೇಕು ಎಂದು ನಾರಾವಿಗೆ ಹೋಗಿ ಹೇಳದೆ ಬರುತ್ತಿದ್ದಳು. ಈಗ ಹೇಳಬೇಕೆಂದು ಹೊರಡುವುದೇ ನಿಂತುಹೋಯಿತು. ಅದು ತಿಳಿದ ದಿನ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಆದರೂ ಮುಂಜಾನೆಯ ಕನಸಿಗೆ ಕಾದಳು.

ಆ ಭಾನುವಾರ ಅಕ್ಕನೇ ಊಟಕ್ಕೆ ಕರೆದಿದ್ದಳು. ಕೋಳಿ ರೊಟ್ಟಿ ಮಾಡಿದ್ದಳು. ಬಹಳ ದಿನಗಳ ಮೇಲೆ ಅವಳ ಮುಖದಲ್ಲಿ ಗೆಲುವಿತ್ತು. ಒಂದು ಸಂಗತಿ ಉಂಟು, ಊಟವಾಗಲಿ, ಆಮೇಲೆ ಹೇಳುತ್ತೇನೆ ಎಂದಿದ್ದಳು. ಊಟದ ಮೇಲೆ ಶಶಿಪ್ರಭಾ ಜಗಲಿಯ ಬೆಂಚಿನಲ್ಲಿ ಒರಗಿದಳು. ಫ್ಯಾನಿನ ಗಾಳಿಗೆ ಕಣ್ಣು ಹತ್ತಿತು.

ಕಣ್ಣು ಬಿಟ್ಟಾಗ ಎದುರಿಗೆ ಅಕ್ಕ ಟ್ರೇ ಹಿಡಿದು ನಿಂತಿದ್ದಳು. ಸೀರೆ ಬದಲಾಯಿಸಿ ಹೂ ಮುಡಿದಿದ್ದಳು.

"ಕಾಫಿ ತೆಗೆದುಕೊಳ್ಳಿ" ಎಂದಳು ಅಕ್ಕ. "ಸಕ್ಕರೆ ಸ್ವಲ್ಪ ಕಡಿಮೆ ಉಂಟು."

ಶಶಿಪ್ರಭಾಳಿಗೆ ನಗು ಬಂತು. ಹಗಲಿನಲ್ಲೂ ಬಂದಳಲ್ಲ ಎನಿಸಿತು. ಗಡಿಯಾರ ನೋಡುವ ಅಗತ್ಯ ಕಾಣಲಿಲ್ಲ.

"ಕಾಫಿ ಇರಲಿ ಅಕ್ಕ" ಎಂದಳು. "ಶಿಶಿರನ ಅತ್ತೆ ಫೋನು ಮಾಡಿದಾಗ, ಈಗ ಏನೂ ಇಲ್ಲ ಎಂದು ಹೇಳಿದ್ದು ನಾನು. ಆ ಈಗ ಎಂಬುದನ್ನು ಯೋಚಿಸಿಯೇ ಹಾಕಿದೆ. ಅಕ್ಷಿತಾಳಿಗೆ ಏನಾದರೂ ಆದೀತು ಎಂದಲ್ಲ. ಹಾಗೇನಾದರೂ ಆದರೆ ಮಾತು ನನ್ನ ಮೇಲೆ ಬರಬಾರದು ಎಂದು. ನೀನು ನಾಗನ ಮುಂದೆ ಅತ್ತಾಗಲೂ ಹೇಳಲಿಲ್ಲ. ಈಗ ಇರಲಿ ಬಿಡು ಅನ್ನು."

ಅಕ್ಕ ಅನ್ನಲಿಲ್ಲ.

ಅನ್ನಬೇಕು ಎಂದು ಶಶಿಪ್ರಭಾ ಮನಸ್ಸಿನಲ್ಲಿ ಒತ್ತಿ ನೆನೆದಳು. ಟ್ರೇ ವಾಲಿತು. ಕಾಫಿ ಚೆಲ್ಲಿ ಶಶಿಪ್ರಭಾಳ ಮುಂಗೈ ಸುಟ್ಟಿತು. ಕನಸಿನಲ್ಲಿ ಯಾವತ್ತೂ ಏನೂ ಸುಟ್ಟಿರಲಿಲ್ಲ.

ಒಳಗಿನಿಂದ ಅಕ್ಷಿತಾ ನಗುತ್ತಾ ಬಂದಳು. ಅಮ್ಮ ಮತ್ತೆ ಉಂಟು ಅಂದರು, ಘಟ್ಟದ ಮೇಲಿನ ಕಡೆ ಇದೆ ಅನ್ನಬೇಕು, ಎಷ್ಟು ಸಲ ಹೇಳಿಕೊಡುವುದು ಎಂದು ತುಳುವಿನಲ್ಲಿ ಗೇಲಿ ಮಾಡುತ್ತಲೇ ಬಂದವಳು ಇಬ್ಬರ ಮುಖ ನೋಡಿ ನಿಂತಳು.

ಅಕ್ಕ ಟ್ರೇಯನ್ನು ಕೆಳಗಿಟ್ಟು ಬೆಂಚಿನ ತುದಿಯಲ್ಲಿ ಕುಳಿತಳು.

"ಈ ಪಂಡನಾ?" ಎಂದಳು. ನೀನು ಹೇಳಿದ್ದಾ?

ತುಳು. ಶಶಿಪ್ರಭಾ ಪೂರ್ತಿ ಎಚ್ಚರವಾಗಿದ್ದಳು. ಎಚ್ಚರವಾಗಿಯೇ ಇದ್ದಳು.

ಅಕ್ಕ ಊಟದ ಮೇಲೆ ಹೇಳಲಿಕ್ಕಿದ್ದ ಸಂಗತಿ ಆಮೇಲೆ ತುಂಡುತುಂಡಾಗಿ ತಿಳಿಯಿತು. ಹಾಸನದಿಂದ ಒಂದು ಸಂಬಂಧ ಬಂದಿತ್ತು. ನಮ್ಮವರೇ, ಆದರೆ ಅಜ್ಜನ ಕಾಲದಲ್ಲೇ ಅಲ್ಲಿ ಹೋಟೆಲು ಇಟ್ಟು ತುಳು ಮರೆತ ಮನೆ. ಇಲ್ಲಿಯ ಮಾತು ಅಲ್ಲಿಗೆ ಮುಟ್ಟಿರಲಾರದು ಎಂಬ ಧೈರ್ಯ ಅಕ್ಕನಿಗೆ. ಮುಂದಿನ ಭಾನುವಾರ ಅವರು ಬರುವವರಿದ್ದರು. ಅವರ ಮುಂದೆ ಮಾತು ತಡವರಿಸಬಾರದೆಂದು ಅಕ್ಕ ಮಗಳಿಂದ ಕನ್ನಡ ಕಲಿಯುತ್ತಿದ್ದಳು. ಮೊದಲ ಪರೀಕ್ಷೆ ಕನ್ನಡ ಟೀಚರಾದ ತಂಗಿಯ ಮುಂದೆಯೇ ಆಗಲಿ ಎಂದು ಸೀರೆ ಉಟ್ಟು ಟ್ರೇ ಹಿಡಿದು ಬಂದಿದ್ದಳು.

ಅಕ್ಕ ಎದ್ದು ಒಳಗೆ ಹೋದಳು. ಅಕ್ಷಿತಾ ಮಗ್ಗಿನಲ್ಲಿ ತಣ್ಣೀರು ತಂದು ಚಿಕ್ಕಮ್ಮನ ಕೈಮೇಲೆ ಹೊಯ್ದಳು. ಹೊಯ್ಯುತ್ತಾ, ಹಾಸನದವರಿಗೆ ತಾನೇ ಫೋನು ಮಾಡಿ ಎಲ್ಲ ಹೇಳುತ್ತೇನೆ ಎಂದಳು. ಯಾವಾಗ ಬಂತು, ಯಾವ ಮಾತ್ರೆ, ಯಾವಾಗ ನಿಲ್ಲಿಸಿದ್ದು, ಎಲ್ಲ. ಬರುವುದಾದರೆ ಕೇಳಿಯೇ ಬರಲಿ.

"ಒಂದೋ ಪೂರ್ತಿ ಹೇಳಬೇಕಿತ್ತು, ಇಲ್ಲದಿದ್ರೆ ಸುಮ್ಮನಿರಬೇಕಿತ್ತು ಚಿಕ್ಕಮ್ಮ" ಎಂದಳು. "ಅರ್ಧ ಯಾಕೆ ಹೇಳಿದ್ದು?"

ಅದನ್ನು ಅವಳು ಕನ್ನಡದಲ್ಲೇ ಕೇಳಿದಳು. ಶಶಿಪ್ರಭಾ ಗೋಡೆಯ ಗಡಿಯಾರ ನೋಡಿದಳು, ಕಣ್ಣು ತೆಗೆದು ಮತ್ತೆ ನೋಡಿದಳು. ಮುಳ್ಳುಗಳು ಇದ್ದಲ್ಲೇ ಇದ್ದವು.

ಅವಳು ಚೀಲ ತೆಗೆದುಕೊಂಡು ಗೇಟಿನ ಹತ್ತಿರ ಬಂದಾಗ ಹಿಂದಿನಿಂದ ಅಕ್ಕ ಬಂದಳು. ಹೂ ತೆಗೆದಿಟ್ಟಿದ್ದಳು. ಮುಖ ತೊಳೆದಿದ್ದಳು.

"ಬಸ್ಸಿಗೆ ಹೊತ್ತಾಯಿತು" ಎಂದಳು ಕನ್ನಡದಲ್ಲಿ. ಬ್ಯಾಂಕಿನ ಮ್ಯಾನೇಜರರ ಮುಂದೆ ಆಡುವ ಹಾಗೆ ಒಂದೊಂದೇ ಪದ ಬಿಡಿಸಿ. "ನೀವು ಹೊರಡಿ."

ಇದು ಕನಸಾಗಿದ್ದರೆ ಇಲ್ಲಿಂದ ತಿರುಗಿಸಲು ಅವಳಿಗೆ ಬರುತ್ತಿತ್ತು. ಎಷ್ಟೊಂದು ವಾಕ್ಯಗಳು ಬಾಯಿಪಾಠವಾಗಿದ್ದವು. ಎಲ್ಲವೂ ಕನ್ನಡದವು, ಎಲ್ಲವೂ ತಿದ್ದಿ ತೀಡಿದವು. ಅಕ್ಕನ ಹತ್ತಿರ ಯಾವತ್ತೂ ಆಡುವ ತುಳುವಿನಲ್ಲಿ ಇದನ್ನು ಒಮ್ಮೆಯೂ ಹೇಳಿ ನೋಡಿರಲಿಲ್ಲ ಎಂಬುದು ಆಗ ತಿಳಿಯಿತು. ಹುಡುಕಿದರೆ ಎರಡೇ ಪದ ಸಿಕ್ಕವು.

"ತಪ್ಪಾಂಡ್ ಅಕ್ಕ" ಎಂದಳು. ತಪ್ಪಾಯಿತು.

ಅಕ್ಕ ಗೇಟಿನ ಚಿಲಕವನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತಾ ನಿಂತಳು. ಇರಲಿ ಎನ್ನಲಿಲ್ಲ. ಬಿಡು ಎನ್ನಲೂ ಇಲ್ಲ. ತಂಗಿಯ ಕೆಂಪಾದ ಮುಂಗೈಯನ್ನು ಒಮ್ಮೆ ನೋಡಿ ರಸ್ತೆಯ ಕಡೆ ತಿರುಗಿದಳು. ತಿರುವಿನಲ್ಲಿ ಹಾರ್ನ್ ಕೇಳಿಸಿತು.

"ಬಸ್ ಬತ್ತ್ಂಡ್" ಎಂದಳು, ತುಳುವಿನಲ್ಲಿ.

ಬಸ್ಸು ಬಂತು, ಅಷ್ಟೇ. ಶಶಿಪ್ರಭಾ ಹತ್ತಿ ಕಿಟಕಿಯ ಬದಿಯಲ್ಲಿ ಕುಳಿತಳು. ಕೈ ಉರಿಯುತ್ತಿತ್ತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳದೆ ಮಡಿಲಲ್ಲಿ ಹಾಗೇ ಇಟ್ಟುಕೊಂಡು ಮೂಡುಬಿದಿರೆಯವರೆಗೂ ಕಣ್ಣು ಮುಚ್ಚದೆ ಹೋದಳು.