ಊರು ಬಿಟ್ಟವರ ಮಾತು

ಇಟಲಿಯ ಅಲ್ಗೆರೊ ಪಟ್ಟಣದ ಹಳೆಯ ಕತಲಾನ್ ಮಾತನ್ನೂ ನಮ್ಮ ರಿಜೆ ಬೆಟ್ಟದ ತುರ್ಕಿ ಮಾತನ್ನೂ ಅಕ್ಕಪಕ್ಕ ಇಟ್ಟು ನೋಡುವುದು ನನ್ನ ಕೆಲಸ. ಎರಡೂ ಕಡೆ ಅದೇ ನಾನೂರು ಪ್ರಶ್ನೆಗಳ ಪಟ್ಟಿ. ಉತ್ತರ ಹೇಳುವವರು ಅದೇ ಊರಲ್ಲಿ ಹುಟ್ಟಿ, ಒಂದು ವರ್ಷವೂ ಊರು ಬಿಟ್ಟಿರಬಾರದು. ಈ ನಿಯಮದಲ್ಲಿ ರಾಜಿಯಿಲ್ಲ. ರಿಜೆಯ ಪಟ್ಟಿ ಮುಗಿದಿತ್ತು. ಅಲ್ಗೆರೊದಲ್ಲಿ ಅಂಥವರು ಸಿಕ್ಕಿದ್ದು ಒಬ್ಬರೇ, ಬಲೆ ಹೆಣೆಯುವ ಗ್ರೆಗೋರಿ ಅಜ್ಜ. ಅವರಿಲ್ಲದಿದ್ದರೆ ನನ್ನ ಪುಸ್ತಕವೇ ಇಲ್ಲ.

ಪ್ರತಿ ಮಂಗಳವಾರ ಹೋಗುತ್ತಿದ್ದೆ. ಅಜ್ಜ ಒಂದೊಂದು ಪದವನ್ನೂ ಎಳೆದೆಳೆದು ಹೇಳುತ್ತಿದ್ದರು. ತೀರಿಹೋದ ಹೆಂಡತಿಯ ವಿಷಯ ಬಂದರೆ ನಾನು ರೆಕಾರ್ಡರ್ ನಿಲ್ಲಿಸುತ್ತಿದ್ದೆ, ಪಟ್ಟಿಯಲ್ಲಿ ಇಲ್ಲವಲ್ಲ! ಈಗ ನೆನೆದರೆ ನಾಚಿಕೆಯಾಗುತ್ತದೆ.

ಮುನ್ನೂರ ಎಂಬತ್ತನೆಯ ಪ್ರಶ್ನೆ ಹಿಮದ್ದು.

"ಹಿಮ ಅಂದ್ರೆ ಜೆನೋವಾ ಬಂದರಲ್ಲಿ ನೋಡ್ಬೇಕು. ಇಪ್ಪತ್ತೆರಡು ಚಳಿಗಾಲ ಅಲ್ಲಿ ಮೂಟೆ ಹೊತ್ತಿದೀನಿ," ಅಂದವರು ತಟ್ಟನೆ ಬಾಯಿ ಮುಚ್ಚಿಕೊಂಡರು.

ನನಗೆ ಮೈಯೆಲ್ಲ ಉರಿದುಹೋಯಿತು. "ಊರು ಬಿಟ್ಟೇ ಇಲ್ಲ ಅಂತ ಆಣೆ ಮಾಡಿದ್ರಲ್ಲ ಅಜ್ಜ! ಮೂರು ತಿಂಗಳ ಕೆಲಸ ಮಣ್ಣುಪಾಲು ಮಾಡಿದ್ರಿ!"

"ನಿಜ ಹೇಳಿದ್ದಿದ್ರೆ ನೀನು ಮೊದಲ್ನೇ ದಿನವೇ ಎದ್ದು ಹೋಗ್ತಿದ್ದೆ. ಮಗಳು ಫೋನಲ್ಲಿ ಇಟಾಲಿಯನ್ನೇ ಮಾತಾಡ್ತಾಳೆ. ಈ ಮಾತು ಕೇಳೋಕೆ ಅಂತ ಬರೋಳು ನೀನೊಬ್ಳೇ, ತಾಯಿ."

ನಾನು ಅವರೆದುರೇ ಪಟ್ಟಿಯ ತಲೆಯಲ್ಲಿ ಬರೆದಿದ್ದ ಅವರ ಹೆಸರಿನ ಮೇಲೆ ಗೀಟೆಳೆದೆ.

"ನೀನು ಊರು ಬಿಟ್ಟು ಎಷ್ಟು ವರ್ಷ ಆಯ್ತು, ಹಾವ್ವಾ?"

"ಹತ್ತೊಂಬತ್ತು."

"ಹಾಗಾದ್ರೆ ನಿನ್ ಹೆಸ್ರನ್ನೂ ಹೊಡೆದ್ಹಾಕು."

ಪಟ್ಟಿಯನ್ನು ಅಲ್ಲೇ ಬಿಟ್ಟು ಎದ್ದು ಬಂದೆ.

ಆ ವಾರ ಬಾಡಿಗೆ ಕೋಣೆಯಲ್ಲಿ ಯಾರೊಂದಿಗೂ ನಾಲ್ಕು ಮಾತಾಡಲಿಲ್ಲ. ಇಸ್ತಾಂಬುಲ್‌ನಲ್ಲಿ ನನ್ನ ಹಳ್ಳಿಮಾತು ಕೇಳಿ ನಗುತ್ತಿದ್ದರು, ಅದನ್ನು ಒರೆಸಿಕೊಂಡೆ. ಬಾರ್ಸಿಲೋನಾದಲ್ಲಿ ಕಲಿತ ಕತಲಾನ್ ಪುಸ್ತಕದ್ದು. ನನ್ನ ಜೊತೆ ನಮ್ಮೂರ ಮಾತಾಡುತ್ತಿದ್ದವಳು ಅಮ್ಮ ಒಬ್ಬಳೇ. ಅವಳು ಹೋಗಿ ಎರಡು ವರ್ಷವಾಯಿತು. ಒಂಟಿತನಕ್ಕೆ ಕೆಲಸ ಎಂದು ಹೆಸರಿಟ್ಟುಕೊಂಡು ಊರೂರು ಅಲೆಯುತ್ತಿದ್ದೇನೆ ಅನ್ನಿಸಿತು.

ಮಂಗಳವಾರ ರೆಕಾರ್ಡರ್ ಇಲ್ಲದೆ ಹೋದೆ. ಬಾಗಿಲು ತೆರೆದಿತ್ತು, ಮೇಜಿನ ಮೇಲೆ ಎರಡು ತಟ್ಟೆ ಇದ್ದವು. ಅಜ್ಜ ಕನ್ನಡಕ ಏರಿಸಿಕೊಂಡು ನನ್ನ ಪಟ್ಟಿ ಹಿಡಿದು ಕೂತಿದ್ದರು.

"ಇವತ್ತು ಕೇಳೋನು ನಾನು. ನಿಮ್ಮೂರ ಮಾತಲ್ಲೇ ಹೇಳ್ಬೇಕು. ಒಂದ್ನೇದು: ಅಮ್ಮನ್ನ ಏನಂತ ಕೂಗ್ತಿದ್ದೆ?"

ಎರಡು ವರ್ಷದಿಂದ ಬಾಯಿಗೆ ಬಾರದಿದ್ದ ಪದ. ಹೇಳಿದೆ. ಹೇಳಿದ್ದೇ ತಡ, ಅಳು ತಡೆಯಲಾಗಲಿಲ್ಲ.

ಅಜ್ಜ ನನ್ನ ತಟ್ಟೆಗೆ ಮೀನು ಬಡಿಸಿದರು. "ಇನ್ನೂ ಮುನ್ನೂರ ತೊಂಬತ್ತೊಂಬತ್ತು ಇದಾವೆ ಮಗಳೇ. ನಿಧಾನಕ್ಕೆ," ಅಂದರು.