ಶಿವಬಸಪ್ಪನ ಪೆನ್ಸಿಲ್

ಭಾನುವಾರ ಬೆಳಿಗ್ಗೆ ತುಮಕೂರಿನಿಂದ ಗಂಡಿನ ಕಡೆಯವರು ಬಂದರು. ಜಯದೇವಿ ಹೊಸ ಸೀರೆಯುಟ್ಟು ಉಪ್ಪಿಟ್ಟಿನ ತಟ್ಟೆಗಳನ್ನು ತಂದಿಟ್ಟಳು. ಗಂಡಿನ ತಾಯಿ ಕೈಯಲ್ಲಿದ್ದ ಫೋಟೊ ನೋಡಿದರು, ಒಳಬಾಗಿಲ ಕಡೆ ನೋಡಿದರು.

"ಸಾಕು ಕಣಮ್ಮ, ಇಲ್ಲಿಟ್ಟು ಹೋಗು. ಹುಡುಗೀನ ಕಳಿಸು."

"ನಾನೇ ಹುಡುಗಿ," ಎಂದಳು ಜಯದೇವಿ.

ಪಾಪ, ಗಂಡಿನ ತಾಯಿಯ ತಪ್ಪೇನೂ ಇರಲಿಲ್ಲ. ಆ ಫೋಟೊ ತೆಗೆದವನು ಹುಡುಗಿಯ ಅಪ್ಪ ಶಿವಬಸಪ್ಪ. ವಿಜಯನಗರದಲ್ಲಿ ಅವನ ಸ್ಟುಡಿಯೊ ಹೆಣ್ಣು ಹೆತ್ತವರಿಗೆಲ್ಲ ಗೊತ್ತು. ನೆಗೆಟಿವ್ ಮೇಲೆ ಕರಿ ಪೆನ್ಸಿಲ್ ಆಡಿಸಿದಷ್ಟೂ ಫೋಟೊದಲ್ಲಿ ಮುಖ ಬೆಳ್ಳಗಾಗುತ್ತದೆ. ಆ ಕೈಚಳಕದಿಂದ ಎಷ್ಟೋ ಮದುವೆ ಕುದುರಿಸಿದೆನೆಂದು ಅವನಿಗೆ ಜಂಬವೂ ಇತ್ತು. ಸ್ವಂತ ಮಗಳಿಗೆ ಕೈ ಸ್ವಲ್ಪ ಧಾರಾಳವಾಗಿಯೇ ಆಡಿತ್ತು.

ಬಂದವರು ಕಾಗದ ಬರೆಯುತ್ತೇವೆಂದು ಹೊರಟರು. ಹೆಂಡತಿ ಶಿವಗಂಗಮ್ಮ ತಟ್ಟೆ ಎತ್ತುತ್ತಾ ಹೇಳಿದಳು:

"ರೀ, ದಾವಣಗೆರೆಯವರೂ ಫೋಟೊ ಕೇಳಿದಾರೆ. ಈ ಸಲ ಹದವಾಗಿ ಬೆಳ್ಳಗೆ ಮಾಡಿ. ಟೀವೀಲಿ ನೋಡಲ್ವಾ? ಕಪ್ಪಗಿರೋಳಿಗೆ ಕ್ರೀಮ್ ಹಚ್ಚೋವರೆಗೂ ಗಂಡೂ ಸಿಗಲ್ಲ, ಕೆಲಸಾನೂ ಸಿಗಲ್ಲ. ಅವಳ ಒಳ್ಳೇದಕ್ಕೇ ಹೇಳ್ತಿರೋದು."

ಅವಳ ಭಯ ಸುಳ್ಳಲ್ಲ. ಅವಳೂ ಕಪ್ಪೇ, ಅತ್ತೆಮನೆಯ ಮಾತು ಕೇಳಿಸಿಕೊಂಡವಳು.

ಜಯದೇವಿ ಅಪ್ಪನ ಪಕ್ಕ ಕೂತಳು. "ಅಪ್ಪಾಜಿ, ಆ ಯಮ್ಮ ಬೇಡ ಅಂದ್ರೆ ಅನ್ಲಿ. ನಿಮಗೂ ಆ ಫೋಟೊದೋಳೇ ಬೇಕಾದ್ಲಲ್ಲ, ಅದಕ್ಕೇ ಬೇಜಾರು."

ಶಿವಬಸಪ್ಪ ಮಗಳ ಮುಖ ನೋಡಿದ. ಇಪ್ಪತ್ತೆರಡು ವರ್ಷ ನೋಡುತ್ತ ಬೆಳೆಸಿದ ಮುಖವನ್ನೇ ತಾನು ಅಳಿಸಿದ್ದ.

ಸೋಮವಾರ ಸ್ಟುಡಿಯೊ ಬಾಗಿಲು ತೆಗೆದಾಗ ಶೋಕೇಸಿನ ಹುಡುಗಿಯರು ಸಾಲಾಗಿ ನಗುತ್ತಿದ್ದರು. ಸಿನಿಮಾ ಪತ್ರಿಕೆಯ ಮುಖಪುಟ ನೋಡಿ ನೋಡಿ ಅವನೇ ಕೊಟ್ಟ ಬಿಳುಪು ಅದು. ಯಾರು ಯಾರ ಮಗಳೆಂದು ಅವನಿಗೇ ಗುರುತು ಹತ್ತಲಿಲ್ಲ. ಒಳಗೆ ಹೋಗಿ ಹತ್ತಿಯನ್ನು ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿ, ಮಗಳ ನೆಗೆಟಿವ್ ಮೇಲಿನ ಪೆನ್ಸಿಲ್ ಸೀಸವನ್ನೆಲ್ಲ ಒರೆಸಿದ. ಹೊಸ ಪ್ರಿಂಟ್ ಹಾಕಿದ.

ಸಂಜೆ ಶಿವಗಂಗಮ್ಮ ಆ ಫೋಟೊ ನೋಡಿ, "ಹಿಂದುಗಡೆ ಎಣ್ಣೆಗೆಂಪು ಅಂತಾದ್ರೂ ಬರೀರಿ," ಎಂದಳು. ಹೆಣ್ಣಿನ ಫೋಟೊದ ಬೆನ್ನಿಗೆ ಹೆಸರು, ವಯಸ್ಸು, ಓದು, ಬಣ್ಣ ಬರೆದು ಕಳಿಸುವುದು ಅವರಲ್ಲಿ ರೂಢಿ.

ಶಿವಬಸಪ್ಪ ಹೆಸರು ಬರೆದ, ವಯಸ್ಸು ಬರೆದ, ಬಿ.ಕಾಂ. ಎಂದು ಬರೆದ. ಬಣ್ಣ ಎಂಬಲ್ಲಿ 'ಕಪ್ಪು' ಎಂದು ದುಂಡಗೆ ಬರೆದು ಫೋಟೊವನ್ನು ಮೊದಲು ಮಗಳ ಕೈಗೆ ಕೊಟ್ಟ.

"ಸರಿಯಾಗಿ ನೋಡವ್ವ. ಇದು ನೀನೇ ತಾನೆ?"

ಜಯದೇವಿ ಫೋಟೊವನ್ನು ಬೆಳಕಿಗೆ ಹಿಡಿದಳು.

"ಹೂಂ ಅಪ್ಪಾಜಿ. ನಾನೇ."